ವಿಳಾಸ ಒಂದು, ಓದು ಹಲವು

ಕುಮಟೆಯ ಬಳಿ ಕಡಲನ್ನು ಸೇರುವ ನದಿಯ ಹೆಸರು ಅಘನಾಶಿನಿ. ಈ ಹೆಸರನ್ನು ಗಣಕಯಂತ್ರದಲ್ಲಿ ಬರೆದಿಟ್ಟರೆ ಅದರ ನೆನಪಿನ ಕೋಶಗಳಲ್ಲಿ ಉಳಿಯುವುದು ಅಂಕೆಗಳು. ಯೂನಿಕೋಡ್ ಪದ್ಧತಿಯಂತೆ ಇದರಲ್ಲಿ ಎಂಟು ಸಂಕೇತಗಳಿವೆ: ಅ, ಘ, ನ, ಇಳಿ, ಶ, ಗುಡಿಸು, ನ, ಗುಡಿಸು. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 24. ಅಕಾರದ ಬೈಟುಗಳು 224, 178, 133. ಘಕಾರದವು 224, 178, 152.

ಸಿ ಭಾಷೆಯ ಪಾಯಿಂಟರಿನಲ್ಲಿ ಎರಡು ಅಂಶಗಳಿವೆ. ಒಂದು, ವಿಳಾಸ, ಇನ್ನೊಂದು, ಅಲ್ಲಿರುವುದನ್ನು ಯಾವ ಬಗೆಯದೆಂದು ಓದಬೇಕೆಂಬ ನಿರ್ದೇಶ. ಪಾಯಿಂಟರನ್ನು 'ಕಾಸ್ಟ್' ಮಾಡುವುದೆಂದರೆ ಈ ನಿರ್ದೇಶವನ್ನು ಬದಲಿಸುವುದು. ರಾಶಿ ಅದೇ, ಅಳೆಯುವ ಕೊಳಗ ಮಾತ್ರ ಬೇರೆ.

ನಮ್ಮ ಹೆಸರಿನ ಮೊದಲ ಬೈಟನ್ನು ತೋರುವ ಪಾಯಿಂಟರನ್ನು, ನಾಲ್ಕು ಬೈಟಿನ ಧನ ಪೂರ್ಣಾಂಕದ ಪಾಯಿಂಟರೆಂದು ಮಾರ್ಪಡಿಸಿ ಓದಿದೆವೆನ್ನಿ. ಅಕಾರವೂ ಘಕಾರದ ಮೊದಲ ಚೂರೂ ಕೂಡಿ ಒಂದು ಸಂಖ್ಯೆಯಾಗುತ್ತವೆ. ಕಿರಿಯ ಸ್ಥಾನದ ಬೈಟನ್ನು ಮೊದಲಿಡುವ ಯಂತ್ರದಲ್ಲಿ (ಇಂದಿನ ಬಹುಪಾಲು ಯಂತ್ರಗಳು ಹೀಗೆಯೇ) ಅದು 3,76,68,58,464. ಹಿರಿಯದನ್ನು ಮೊದಲಿಡುವ ಯಂತ್ರದಲ್ಲಿ 3,76,97,96,064. ಜಾಲದಿಂದ ಬರುವ ಸಂದೇಶವೂ ಡಿಸ್ಕಿನ ಕಡತವೂ ಇಂತಹ ಬೈಟುಗಳ ಸಾಲೇ ಆದುದರಿಂದ ಈ ಅಂತರ ವಿನೋದದ ವಿಷಯವಲ್ಲ.

ಇದು ಕಣ್ಣಿಗೆ ಬೀಳುವ ತೊಡಕು. ಬೀಳದವು ಇನ್ನೆರಡುಂಟು. ನಾಲ್ಕು ಬೈಟಿನ ಪೂರ್ಣಾಂಕ ಸಾಮಾನ್ಯವಾಗಿ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿರಬೇಕು. ಅಕಾರ ಅಂತಹ ಕಡೆ ಇದ್ದರೂ ಘಕಾರ ಅದರಿಂದ ಮೂರು ಬೈಟು ಮುಂದಿದೆ! ಅಲ್ಲಿಂದ ಪೂರ್ಣಾಂಕವನ್ನು ಓದಹೊರಟರೆ ಕೆಲವು ಯಂತ್ರಗಳು ಕಾರ್ಯಕ್ರಮವನ್ನೇ ನಿಲ್ಲಿಸುತ್ತವೆ. ಕೆಲವು ಸುಮ್ಮನೆ ನಡೆಸಿಕೊಡುತ್ತವೆ. ನಮ್ಮ ದೃಷ್ಟಿಯಲ್ಲಿ ಇವೇ ಹೆಚ್ಚು ಅಪಾಯಕರ, ಏಕೆಂದರೆ ದೋಷ ಮುಚ್ಚಿಕೊಂಡೇ ಉಳಿಯುತ್ತದೆ.

ಎರಡನೆಯದು ಭಾಷೆಯ ನಿಯಮ. 1989ರ ಸಿ ಪ್ರಮಾಣಸೂತ್ರದ ಕಾಲದಿಂದಲೂ, ಒಂದು ಬಗೆಯ ವಸ್ತುವನ್ನು ಸಂಬಂಧವಿಲ್ಲದ ಬೇರೆ ಬಗೆಯ ಪಾಯಿಂಟರಿನಿಂದ ಮುಟ್ಟಬಾರದು. ಬರೆದವರು ಇದನ್ನು ಪಾಲಿಸಿದ್ದಾರೆಂದು ನಂಬಿ ಕಂಪೈಲರ್ ವೇಗಕ್ಕಾಗಿ ಆಜ್ಞೆಗಳ ಕ್ರಮವನ್ನು ಬದಲಿಸಬಹುದು. ಆಗ ಉತ್ತರವೇ ಬೇರೆಯಾದೀತು. ಯಾವ ವಸ್ತುವನ್ನಾದರೂ ಬೈಟು ಬೈಟಾಗಿ ನೋಡಲು ಅನುಮತಿಯುಂಟು. ಆದರೆ ಅದು ಒಮ್ಮುಖದ ಅನುಮತಿ: ಬೈಟುಗಳ ಸಾಲನ್ನು ಪೂರ್ಣಾಂಕವೆಂದು ನೋಡಲು ಸಲ್ಲದು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಲಿನಕ್ಸ್‌ನ ಕರ್ನೆಲನ್ನು ಕಂಪೈಲ್ ಮಾಡುವಾಗ ಈ ನಂಬಿಕೆಯನ್ನೇ ಕೈಬಿಡುವಂತೆ ಕಂಪೈಲರಿಗೆ ಆಜ್ಞಾಪಿಸುತ್ತಾರೆ.

ಹಾಗಾದರೆ ಮಾಡುವುದೇನು? ಪೂರ್ಣಾಂಕದ ಬಗೆಯ ಚರವೊಂದನ್ನು ಇಟ್ಟುಕೊಂಡು, 'ಮೆಮ್‌ಕಾಪಿ' ಎಂಬ ಕ್ರಿಯೆಯಿಂದ ನಾಲ್ಕು ಬೈಟುಗಳನ್ನು ಅದರೊಳಕ್ಕೆ ನಕಲು ಮಾಡಬೇಕು. ಹೊಸ ಕಂಪೈಲರುಗಳು ಇದನ್ನು ಬಹುಮಟ್ಟಿಗೆ ಒಂದೇ ಯಂತ್ರಾಜ್ಞೆಗೆ ಇಳಿಸುವುದರಿಂದ ನಿಧಾನವಾದೀತೆಂಬ ಅಂಜಿಕೆ ಬೇಡ. ಎಲ್ಲ ಯಂತ್ರಗಳಲ್ಲೂ ಒಂದೇ ಸಂಖ್ಯೆ ಬರಬೇಕಾದರೆ, ಮೊದಲ ಬೈಟಿಗೆ ಎರಡನೆಯದರ 256 ಪಟ್ಟು, ಮೂರನೆಯದರ 65,536 ಪಟ್ಟು, ನಾಲ್ಕನೆಯದರ 1,67,77,216 ಪಟ್ಟು ಕೂಡಿಸಿ ನಾವೇ ಕಟ್ಟಿಕೊಳ್ಳುವುದು ಉತ್ತಮ.

ನಕಲಿಗೆ ಮುನ್ನ ಎಷ್ಟು ಬೈಟು ಉಳಿದಿವೆಯೆಂದು ಎಣಿಸಬೇಕು. ಅಘನಾಶಿನಿಯ ಕೊನೆಯ ಗುಡಿಸಿಗೆ ಇರುವುದು ಮೂರೇ ಬೈಟು. ಅಲ್ಲಿಂದ ನಾಲ್ಕನ್ನು ಕೇಳಿದರೆ ನಾಲ್ಕನೆಯದು ಹೆಸರಿನದಲ್ಲ.