ಗೋಡೆಯ ತೇವವನ್ನು ಅಳೆಯುವ ಬಗೆ

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಅಜ್ಜಿ ಮಲಗುವ ಕೋಣೆಯ ಗೋಡೆ ಬೇಸಗೆಯಲ್ಲಿಯೂ ಆರುತ್ತಿರಲಿಲ್ಲ. ಮಾಡು ಸೋರುವುದೇ ಕಾರಣವೆಂದು ತಂದೆಯವರು ಸಾಲ ತಂದು ಹೆಂಚು ಬದಲಾಯಿಸಿದರು. ತೇವ ಹೋಗಲಿಲ್ಲ, ಅಜ್ಜಿಯ ಕೆಮ್ಮೂ ನಿಲ್ಲಲಿಲ್ಲ. ಇನ್ನು ಸಿಮೆಂಟು ಗಾರೆ ಮಾಡಿಸುವ ಮಾತು ಬಂದಾಗ, ಮೊದಲು ಅಳೆದು ನೋಡೋಣವೆಂದೆ. ಕಲಾವಿಭಾಗದವನಿಗೇಕೆ ಈ ಕೆಲಸವೆಂದು ಮಿತ್ರರು ನಗಬಹುದು.

ಕಲೆ ನೆಲದಿಂದ ಮೂರಡಿಯವರೆಗೆ ಮಾತ್ರ. ಅದರ ಅಂಚಿಗೆ ಬಿಳಿಯ ಉಪ್ಪು. ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕಂಚನ್ನೂ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯದು, ಒಳಮೈಯಲ್ಲಿದ್ದರೆ ಗೋಡೆಯದು. ಒಳಗೇ ಇತ್ತು.

ಸೂಜಿ ಚುಚ್ಚಿ ನೋಡುವ ವಿದ್ಯುತ್ ಮಾಪಕವನ್ನು ನಾನು ನಂಬಲಿಲ್ಲ. ಉಪ್ಪಿರುವ ಗೋಡೆಯಲ್ಲಿ ಅದು ಇದ್ದುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಗೋಡೆಯೊಳಗಿಂದ ನಿಧಾನವಾಗಿ ಕೊರೆದ ಪುಡಿಯನ್ನು (ವೇಗವಾಗಿ ಕೊರೆದರೆ ಕಾವಿಗೇ ಒಣಗುತ್ತದೆ) ಬಿರಡೆ ಹಾಕಿದ ಸೀಸೆಯಲ್ಲಿ ರಸಾಯನಶಾಸ್ತ್ರದ ಗೆಳೆಯನಲ್ಲಿಗೆ ಒಯ್ದೆ. ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆವು. ಒಂದಡಿ ಎತ್ತರದ ಪುಡಿ 10.8 ಗ್ರಾಂ ಇದ್ದುದು 10ಕ್ಕೆ ಇಳಿಯಿತು. ಎಂದರೆ ಒಣತೂಕದ ನೂರಕ್ಕೆ 8ರಷ್ಟು ನೀರು. ಐದಡಿ ಎತ್ತರದಲ್ಲಿ ನೂರಕ್ಕೆ 1.

ಆದರೆ ಉಪ್ಪೇ ಗಾಳಿಯಿಂದ ನೀರೆಳೆದಿದ್ದರೆ? ಒಣಗಿದ ಪುಡಿಯನ್ನು, ಇನ್ನು ಕರಗದಷ್ಟು ಅಡುಗೆ ಉಪ್ಪು ಬೆರೆಸಿದ ನೀರಿನ ಬಟ್ಟಲಿನೊಡನೆ ಮುಚ್ಚಿಟ್ಟೆವು. ಅಲ್ಲಿ ಗಾಳಿಯ ಆರ್ದ್ರತೆ ನೂರಕ್ಕೆ 75ರಲ್ಲಿ ನಿಲ್ಲುತ್ತದೆ. ಪುಡಿ ಮರಳಿ ಪಡೆದದ್ದು ನೂರಕ್ಕೆ 2 ಮಾತ್ರ. ಉಳಿದ 6 ನೆಲದಿಂದಲೇ ಏರಿರಬೇಕು.

ಹಿತ್ತಲಲ್ಲಿ ಅಗೆದಾಗ ಬಚ್ಚಲ ನೀರಿನ ಕಾಲುವೆ ಗೋಡೆಯ ಬುಡದಲ್ಲಿಯೇ ಒಡೆದಿತ್ತು. ಅದನ್ನು ದೂರಕ್ಕೆ ತಿರುಗಿಸಿದೆವು. ಗಾರೆಯ ಮಾತು ನಿಂತಿತು. ಮರುವರ್ಷ ಅದೇ ಎತ್ತರದಲ್ಲಿ ನೂರಕ್ಕೆ 3. ಅಜ್ಜಿ ಮಾತ್ರ ಮಂಚವನ್ನು ಇನ್ನೂ ಗೋಡೆಯ ಬಳಿಗೆ ಸರಿಸಿಲ್ಲ.