ಹತ್ತು ಕಟ್ಟಿದರೆ ಎಷ್ಟು ಹಿಡಿದೀತು?

ಅಪ್ಪೆಮಿಡಿ ಹೊಳೆದಂಡೆಯ ಮಾವಿನ ಮರ. ಅಘನಾಶಿನಿ, ಶರಾವತಿ, ಕಾಳಿ ಕಣಿವೆಗಳಲ್ಲಿ ತಾನಾಗಿ ಹುಟ್ಟಿ ಬೆಳೆದದ್ದು. ಗೊರಟು ಹಾಕಿದರೆ ಮಾವಿನ ಸಸಿಯೇನೋ ಏಳುತ್ತದೆ, ತಾಯಿಮರದ ಪರಿಮಳ ಬರುವ ಭರವಸೆಯಿಲ್ಲ. ಅದಕ್ಕೇ ಕಸಿ: ತಾಯಿಮರದ ಕಡ್ಡಿಯನ್ನು ಬೇರೊಂದು ಮಾವಿನ ಸಸಿಗೆ ಕಟ್ಟುವುದು. ನಾನು ಮೊದಲ ಮಳೆಗಾಲದಲ್ಲಿ 40 ಕಟ್ಟಿದ್ದೆ, ಹಿಡಿದದ್ದು 3. ಆಮೇಲಿನ ಇಪ್ಪತ್ತು ಮಳೆಗಾಲ ಕಲಿಸಿದ್ದು ಇಷ್ಟು.

1. ಒಂದೇ ಗಿಡ ಬೇಕಿದ್ದರೂ ಒಂದೇ ಕಟ್ಟಬೇಡಿ. ಹತ್ತಕ್ಕೆ ಮೂರು ಹಿಡಿಯುವ ಕೈ ನಿಮ್ಮದು ಎಂದಿಟ್ಟುಕೊಳ್ಳಿ. ಐದು ಕಟ್ಟಿದರೆ ಒಂದಾದರೂ ಉಳಿಯುವ ಸಾಧ್ಯತೆ ನೂರಕ್ಕೆ 83, ಹತ್ತು ಕಟ್ಟಿದರೆ 97. ಕೈ ಪಳಗಿ ಹತ್ತಕ್ಕೆ ಏಳು ಹಿಡಿಯುವಂತಾದರೆ ಎರಡೇ ಕಟ್ಟಿದರೂ 91. ಹೊಸಬರು ಸಸಿ ಹೆಚ್ಚು ಇಟ್ಟುಕೊಳ್ಳಬೇಕು. ಹಳಬರಿಗೆ ಕಡ್ಡಿ ಉಳಿಯುತ್ತದೆ.

2. ಆದರೆ ಈ ಲೆಕ್ಕಕ್ಕೊಂದು ಕರಾರಿದೆ, ಅದು ನನಗೆ ತಿಳಿದದ್ದು ತಡವಾಗಿ. ಒಂದು ವರ್ಷ ಒಂದೇ ಕೊಂಬೆಯ ಕಡ್ಡಿ ತಂದು ಒಂದೇ ಮಧ್ಯಾಹ್ನ 25 ಕಟ್ಟಿದೆ. ತರುವಾಗ ಬೈಕಿನ ಪೆಟ್ಟಿಗೆಯಲ್ಲಿ ಒಣ ಗೋಣಿಯಲ್ಲಿ ಸುತ್ತಿಟ್ಟಿದ್ದೆ. ಹದಿನೈದು ದಿನಕ್ಕೆ ಇಪ್ಪತ್ತೈದೂ ಕಪ್ಪಾದವು. ಲೆಕ್ಕಕ್ಕೆ 25, ನಿಜಕ್ಕೆ ಮಾಡಿದ್ದು ಒಂದೇ ಪ್ರಯತ್ನ! ಒಂದು ತಪ್ಪು ಎಲ್ಲಕ್ಕೂ ಹಂಚಿಹೋದರೆ ಸಂಖ್ಯೆ ಕಾಯುವುದಿಲ್ಲ. ಈಗ ಎರಡು ಮೂರು ಕೊಂಬೆಯಿಂದ ತರುತ್ತೇನೆ, ಒದ್ದೆ ಬಟ್ಟೆಯಲ್ಲಿ ಸುತ್ತುತ್ತೇನೆ, ಎರಡು ಮೂರು ದಿನಕ್ಕೆ ಹಂಚಿ ಕಟ್ಟುತ್ತೇನೆ.

3. ಅರ್ಧ ಕೆಲಸ ಕಟ್ಟುವ ಮೊದಲೇ ಮುಗಿದಿರುತ್ತದೆ. ಕಡ್ಡಿ ಕೊಯ್ಯುವ ಎಂಟು ಹತ್ತು ದಿನ ಮುಂಚೆ ಮರದ ಮೇಲೆಯೇ ಅದರ ಎಲೆ ಸವರಿ, ತೊಟ್ಟು ಮಾತ್ರ ಬಿಡಬೇಕು. ತುದಿಮೊಗ್ಗು ಉಬ್ಬುತ್ತದೆ. ಇದಕ್ಕಾಗಿ ಹೊಳೆಗೆ ಎರಡು ಸಲ ಹೋಗಬೇಕು, ಜಿಗಣೆ ಕಚ್ಚಿಸಿಕೊಳ್ಳಬೇಕು. ಬಹಳ ಜನ ಒಂದೇ ಸಲ ಹೋಗುತ್ತಾರೆ.

4. ಸಸಿಯ ದಪ್ಪಕ್ಕೆ ಕಡ್ಡಿಯ ದಪ್ಪ ಹೊಂದಬೇಕು. ಸಸಿಯ ಸೀಳಿಗೆ ಕಡ್ಡಿಯ ಬೆಣೆ ಕೂತಾಗ ತೊಗಟೆಯಡಿಯ ಹಸಿರು ಪದರ ಒಂದು ಬದಿಯಲ್ಲಾದರೂ ಕೂಡಲೇಬೇಕು.

5. ಬರೆದಿಡಿ. ದಿನಾಂಕ, ಮರ, ಮಳೆಯೋ ಬಿಸಿಲೋ, ಹೊತ್ತು, ಎಷ್ಟು ಕಟ್ಟಿದ್ದು, ಎಷ್ಟು ಹಿಡಿದದ್ದು. ನಾಲ್ಕನೇ ವರ್ಷ ಪುಸ್ತಕ ತಿರುವಿದಾಗ ಊಟದ ಮೇಲೆ ಕಟ್ಟಿದವೇ ಹೆಚ್ಚು ಸತ್ತಿದ್ದು ಕಂಡಿತು. ಬಿಸಿಲಿನ ಕಾಟ ಎಂದುಕೊಂಡು ನೆರಳಿಗೆ ಕೂತೆ. ಏನೂ ಬದಲಾಗಲಿಲ್ಲ. 'ಚಾಕು ಬೆಳಿಗ್ಗೆ ಮಾತ್ರ ಮಸೀತ್ರಿ, ಮಧ್ಯಾಹ್ನಕ್ಕೆ ಅದು ಮೊಂಡಾಗಿರ್ತದೆ' ಅಂದಳು ಮನೆಯವಳು. ಮಾವಿನ ಸೊನೆ ಅಂಟಿದ ಅಲಗು ಕೊಯ್ಯುವುದಿಲ್ಲ, ಜಜ್ಜುತ್ತದೆ. ಅಂದಿನಿಂದ ಹತ್ತು ಕಸಿಗೊಮ್ಮೆ ಒರೆಸುವುದು, ಊಟಕ್ಕೆ ಏಳುವಾಗ ಮಸೆಯುವುದು ರೂಢಿ. ನನ್ನ ಹತ್ತಕ್ಕೆ ಮೂರು ಹತ್ತಕ್ಕೆ ಏಳಾದದ್ದರಲ್ಲಿ ದೊಡ್ಡ ಪಾಲು ಈ ಒಂದು ಮಸೆಗಲ್ಲಿನದು. ಪುಸ್ತಕವಿಲ್ಲದಿದ್ದರೆ ಇವತ್ತಿಗೂ ಬಿಸಿಲನ್ನೇ ಬೈಯುತ್ತಿದ್ದೆನೇನೋ.

6. ಚಿಗುರು ಕಂಡ ಕೂಡಲೇ ಲೆಕ್ಕಕ್ಕೆ ಸೇರಿಸಬೇಡಿ. ಕಡ್ಡಿ ತನ್ನೊಳಗಿನ ಕಸುವಿನಿಂದಲೇ ಒಮ್ಮೆ ಚಿಗುರಿ, ಬೆಸುಗೆ ಆಗದೆ ಬಾಡುವುದುಂಟು. ತೇವ ಆರದಂತೆ ಕಡ್ಡಿಗೆ ತೊಡಿಸಿದ ಐಸ್‌ಕ್ಯಾಂಡಿ ಕವರಿನ ಟೊಪ್ಪಿಯನ್ನು ಎಲೆ ಬಿಚ್ಚಿದ ಮೇಲಷ್ಟೇ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರನ್ನು ಕಂಡಾಗೆಲ್ಲ ಚಿವುಟಿ. ಬಿಟ್ಟರೆ ಊಟವೆಲ್ಲ ಅದಕ್ಕೇ.

7. ಮತ್ತೆ ಮಾಡಿದರಾಯಿತು ಎನ್ನಲು ಮರ ಇರಬೇಕಲ್ಲ! ನಮ್ಮ ಕಡೆ ಜೀರಿಗೆಯ ವಾಸನೆಯ ಒಂದು ಹಳೇ ಮರವಿತ್ತು. ದಂಡೆ ಕುಸಿಯುತ್ತಿದ್ದರೂ 'ಮುಂದಿನ ಮಳೆಗೆ' ಎಂದು ಮೂರು ವರ್ಷ ತಳ್ಳಿದೆ. ಕೊನೆಗೆ ಸಿಕ್ಕಿದ್ದು ಆರು ಕಡ್ಡಿ, ಹಿಡಿದದ್ದು ಎರಡು. ಆ ವರ್ಷವೇ ನೆರೆಗೆ ಮರ ಹೋಯಿತು. ಒಂದು ಗಿಡ ಪಕ್ಕದ ಮನೆಗೆ ಕೊಟ್ಟೆ, ಒಂದನ್ನು ನಾನು ನೆಟ್ಟೆ. ನನ್ನದನ್ನು ದನ ಮೇಯ್ದಿತು. ಕಡ್ಡಿ ಬೇಕಾದಾಗ ಈಗ ಅವರ ಹಿತ್ತಿಲಿಗೇ ಹೋಗುತ್ತೇನೆ.