ಸವೆದ ಕೀಲಿಗೆ ಹೊಸ ಕೀಲು

ನಡೆಯುವಾಗ ನಮ್ಮ ದೇಹದ ಭಾರವನ್ನು ಹೊರುವ ಕೀಲುಗಳಲ್ಲಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಮುಖ್ಯವಾದುವು. ತೊಡೆಯೆಲುಬಿನ ಗುಂಡಾದ ತಲೆಯು ಸೊಂಟದೆಲುಬಿನ ಬಟ್ಟಲಿನಂತಹ ಗುಳಿಯಲ್ಲಿ ಕುಳಿತು ಎಲ್ಲ ಕಡೆಗೂ ತಿರುಗುವುದು. ಮೊಣಕಾಲು ಬಾಗಿಲಿನ ತಿರುಗಣಿಯಂತೆ ಮುಖ್ಯವಾಗಿ ಮಡಚಿ ಬಿಡಿಸುವ ಕೆಲಸವನ್ನು ಮಾಡುವುದು. ಎಲುಬಿನ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯೂ, ನಡುವೆ ಎಣ್ಣೆಯಂತಹ ದ್ರವವೂ ಇರುವುದರಿಂದ ಅಲ್ಲಿ ಘರ್ಷಣೆಯು ಅತ್ಯಲ್ಪ.

ವಯಸ್ಸು, ಹಳೆಯ ಪೆಟ್ಟು, ದೇಹದ ಅತಿಭಾರ, ಕೀಲಿನ ಉರಿಯೂತ ಮೊದಲಾದ ಕಾರಣಗಳಿಂದ ಈ ಹೊದಿಕೆಯು ಸವೆಯುವುದು. ಆಗ ಎಲುಬಿಗೆ ಎಲುಬು ತಾಗಿ, ನೋವು ಮತ್ತು ಬಿಗಿತ ಉಂಟಾಗುವುವು. ಸವೆದ ಮೃದ್ವಸ್ಥಿಯು ಮೊದಲಿನಂತೆ ಮತ್ತೆ ಬೆಳೆಯಲಾರದು. ಹಾಗಾದರೆ ಉಪಾಯವೇನು?

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯವರು (1911–1982) ಇದನ್ನು ಘರ್ಷಣೆಯ ಸಮಸ್ಯೆಯೆಂದೇ ಭಾವಿಸಿದರು. ಉಕ್ಕಿನ ಗುಂಡನ್ನೂ ಟೆಫ್ಲಾನಿನ ಬಟ್ಟಲನ್ನೂ ಮಾಡಿ ಅನೇಕ ರೋಗಿಗಳಿಗೆ ಜೋಡಿಸಿದರು. ಆರಂಭದಲ್ಲಿ ನೋವು ಮಾಯವಾಯಿತು; ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಯು ಸುತ್ತಲಿನ ಮಾಂಸವನ್ನು ಕೆಡಿಸಿತು. ಚಾರ್ನ್ಲಿಯವರು ಸೋಲನ್ನು ಮರೆಮಾಡಲಿಲ್ಲ. ಆ ವಸ್ತುವನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಅದರ ಪರಿಣಾಮವನ್ನು ಪರೀಕ್ಷಿಸಿದರು.

1962ರಲ್ಲಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡೊಂದು ಅವರಲ್ಲಿಗೆ ಬಂದಿತು. ಮೊದಲು ಅದು ಅವರಿಗೆ ರುಚಿಸಲಿಲ್ಲ. ಅವರ ಸಹಾಯಕ ಹ್ಯಾರಿ ಕ್ರೇವನ್ನರು ಅದನ್ನು ಯಂತ್ರದಲ್ಲಿಟ್ಟು ಉಜ್ಜಿಸಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಇದು ಮೂರು ವಾರಗಳಲ್ಲಿಯೂ ಸವೆಯಲಿಲ್ಲ! ಅದೇ ವರ್ಷದ ನವೆಂಬರಿನಲ್ಲಿ ಹೊಸ ಬಟ್ಟಲಿನ ಜೋಡಣೆ ಆರಂಭವಾಯಿತು. ಎಲುಬಿಗೆ ಅದನ್ನು ಕಚ್ಚಿಸಲು ದಂತವೈದ್ಯರ ಅಕ್ರಿಲಿಕ್ ಗಾರೆಯು ಉಪಯೋಗಕ್ಕೆ ಬಂದಿತು.

ಗುಂಡಿನ ವ್ಯಾಸವನ್ನು ಅವರು ಸುಮಾರು 22 ಮಿಲಿಮೀಟರಿಗೆ ಇಳಿಸಿದ್ದರು. ಗುಂಡು ಚಿಕ್ಕದಾದಷ್ಟು ಬಟ್ಟಲನ್ನು ತಿರುಗಿಸಿ ಸಡಿಲಿಸುವ ಶಕ್ತಿಯು ಕುಂದುವುದು. ವಿದ್ಯಾರ್ಥಿಗಳು ಬಾಗಿಲನ್ನು ಒಮ್ಮೆ ಅಂಚಿನಲ್ಲಿ, ಒಮ್ಮೆ ತಿರುಗಣಿಯ ಬಳಿಯಲ್ಲಿ ತಳ್ಳಿ ನೋಡಲಿ. ಈ ನಿಯಮವು ತಾನೇ ತಿಳಿಯುವುದು.

ಮುಂದೆ ಮೊಣಕಾಲಿಗೂ ಲೋಹ ಮತ್ತು ಪಾಲಿಎಥಿಲೀನಿನ ಕೀಲು ಬಂದಿತು. ಇಂದು ವಸ್ತುಗಳೂ ಅಳತೆಗಳೂ ಸುಧಾರಿಸಿವೆ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ಪ್ರಕಟಿಸಿದ ಲೆಕ್ಕದಂತೆ, 25 ವರ್ಷ ಬಾಳುವ ಕೃತಕ ಕೀಲುಗಳು ನೂರಕ್ಕೆ ಸೊಂಟದಲ್ಲಿ ಸುಮಾರು 58, ಮೊಣಕಾಲಿನಲ್ಲಿ ಸುಮಾರು 82. ಮೊಣಕಾಲಿನ ಕೃತಕ ಕೀಲಿನ ಬೆಲೆಗೆ ಭಾರತ ಸರ್ಕಾರವು 2017ರಲ್ಲಿ ಮಿತಿಯನ್ನು ವಿಧಿಸಿತು.

ಪೋಷಕರು ಎರಡು ಸಂಗತಿಗಳನ್ನು ನೆನಪಿಡತಕ್ಕುದು. ಪ್ರತಿಯೊಂದು ಮಂಡಿನೋವಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೂಕವನ್ನು ಇಳಿಸುವುದು, ವ್ಯಾಯಾಮ, ಔಷಧ ಇವುಗಳೇ ಮೊದಲ ಮಾರ್ಗ. ಇವೆಲ್ಲವೂ ವಿಫಲವಾಗಿ ನಡಿಗೆಗೂ ನಿದ್ರೆಗೂ ಅಡ್ಡಿಯಾದಾಗ ಶಸ್ತ್ರಚಿಕಿತ್ಸೆಯ ಮಾತು. ಅದರ ಬಳಿಕವೂ ಬಿಡದೆ ವ್ಯಾಯಾಮ ಮಾಡಿದರೆ ಮಾತ್ರ ಕಾಲಿಗೆ ಬಲ ಬರುವುದು. ಮನೆಯ ಅಜ್ಜಿಯೋ ಅಜ್ಜನೋ ಕುಳಿತಲ್ಲಿಂದ ಏಳಲಾರದಿದ್ದರೆ, ವಯಸ್ಸಾಯಿತೆಂದು ಸುಮ್ಮನಿರದೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯೋಣ.